ಸ್ವಂತ ನೋಟು, ಸ್ವಂತ ರೈಲು, ಆದರೆ ಪೆಟ್ರೋಲು?

ಗಚ್ಚಿಬೌಲಿ, ಕೊಂಡಾಪುರದಲ್ಲಿ ಕೂತು ಕೇಳ್ತಿರೋ ನಮ್ಮ ಕನ್ನಡದವರಿಗೆ ಇವತ್ತಿನ ವಿಷಯ ಮನೆ ಪಕ್ಕದ್ದೇ. ಸ್ವಾವಲಂಬನೆ ಅನ್ನೋ ಮಾತು ಯಾರಿಗೂ ಉತ್ತರ ಕೊಡಬೇಕಿಲ್ಲದ ಆಡಳಿತದ ಕೈಗೆ ಸಿಕ್ಕರೆ ಏನಾಗುತ್ತೆ?

ಮೊದಲು ಇಟಲಿ. 1925ರಲ್ಲಿ ಮುಸೊಲಿನಿ 'ಗೋಧಿ ಸಮರ' ಸಾರಿದ. ಗೋಧಿ ಬೆಳೆ ಏರಿತು, ಆಮದು ಇಳಿಯಿತು. ಆದರೆ ಹುಲ್ಲುಗಾವಲು, ಆಲಿವ್ ತೋಪುಗಳಿಗೆ ಸೇರಬೇಕಿದ್ದ ನೆಲ ಗೋಧಿಗೆ ಹೋಯ್ತು. ಇಥಿಯೋಪಿಯಾ ಮೇಲೆ ದಾಳಿ ಮಾಡಿದ್ದಕ್ಕೆ 1935ರ ನವೆಂಬರ್‌ನಲ್ಲಿ ರಾಷ್ಟ್ರಸಂಘ ನಿರ್ಬಂಧ ಹಾಕಿತು. ಹಾಲಿನ ಕೇಸಿನ್‌ನಿಂದ 'ಲಾನಿಟಾಲ್' ಅನ್ನೋ ಕೃತಕ ಉಣ್ಣೆ ತಯಾರಿಸುವ ಮಟ್ಟಕ್ಕೆ ಸ್ವಾವಲಂಬನೆ ಹೋಯ್ತು. ಒಂದು ಸಂಗತಿ ನೆನಪಿಡಿ: ಆ ನಿರ್ಬಂಧದ ಪಟ್ಟಿಯಲ್ಲಿ ಪೆಟ್ರೋಲು ಇರಲಿಲ್ಲ.

ಈಗ ಹೈದರಾಬಾದು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಫ್ಯಾಸಿಸ್ಟ್ ಅಂತ ನಾನು ಹೇಳಲ್ಲ. ಅವರು ಹಳೇ ಕಾಲದ ನಿರಂಕುಶ ದೊರೆ, ಬ್ರಿಟಿಷರ ನೆರಳಲ್ಲಿದ್ದವರು. ಆದರೆ 1947-48ರಲ್ಲಿ ಸಮವಸ್ತ್ರ ತೊಟ್ಟ ಖಾಸಗಿ ಪಡೆಯೊಂದು, ಅಂದರೆ ಕಾಸಿಂ ರಜ್ವಿಯ ರಜಾಕಾರರು, ಸರ್ಕಾರವನ್ನೇ ಎಳೆದಾಡ್ತಿತ್ತಲ್ಲ, ಆ ಚಿತ್ರದಲ್ಲಿ ಯೂರೋಪಿನ ಛಾಯೆ ನನಗಂತೂ ಸ್ಪಷ್ಟವಾಗಿ ಕಾಣುತ್ತೆ.

ಈ ಸಂಸ್ಥಾನದ ಬುಡ ಸಣ್ಣದಾಗಿರಲಿಲ್ಲ. ಸ್ವಂತ ನಾಣ್ಯ ಇತ್ತು, ಹಾಲಿ ಸಿಕ್ಕಾ. ಇಲ್ಲಿನ 7 ರೂಪಾಯಿಗೆ ಬ್ರಿಟಿಷ್ ಭಾರತದ 6 ರೂಪಾಯಿ. 1930ರಲ್ಲಿ ರೈಲ್ವೆಯನ್ನು ಕಂಪನಿಯಿಂದ ಕೊಂಡುಕೊಂಡರು. ಸಿಂಗರೇಣಿ ಕಲ್ಲಿದ್ದಲು, ವರಂಗಲ್ಲಿನ ಆಜಂ ಜಾಹಿ ಮಿಲ್ಲು, 1937ರ ಹೊತ್ತಿಗೆ ಬೋಧನ್‌ನಲ್ಲಿ ನಿಜಾಮ್ ಶುಗರ್ಸ್, ಸಿರಪುರದ ಕಾಗದ, 1942ರಲ್ಲಿ ಆಲ್ವಿನ್. ಹೌದು, ನಿಮ್ಮಪ್ಪ ಅಮ್ಮನ ಮನೇಲಿ ಫ್ರಿಜ್ ಇತ್ತಲ್ಲ, ಅದೇ ಆಲ್ವಿನ್! 1941ರಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಕೂಡ ಬಂತು. ನಮ್ಮ ಕಡೆಯಿಂದ ಶಹಾಬಾದಿನ ಸಿಮೆಂಟು, ಕಲಬುರಗಿಯ ಎಂಎಸ್‌ಕೆ ಮಿಲ್ಲಿನ ಬಟ್ಟೆ, ಹಟ್ಟಿಯ ಚಿನ್ನ. ಕಾಗದದ ಮೇಲೆ ಏನು ಕಮ್ಮಿ ಹೇಳಿ?

ಕಮ್ಮಿ ಇದ್ದದ್ದು ಸಮುದ್ರ. ಸುತ್ತಲೂ ಭಾರತ. ಮರ್ಮಗೋವಾ ಬಂದರಿನ ಬಗ್ಗೆ ಪೋರ್ಚುಗೀಸರ ಹತ್ತಿರ ವಿಚಾರಿಸಿದ್ದೂ ಉಂಟು, ಕೈಗೂಡಲಿಲ್ಲ. 1947ರ ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿತ್ತು. ಶಾಯಿ ಆರುವ ಮೊದಲೇ ಹೈದರಾಬಾದ್ ಎರಡು ಸುಗ್ರೀವಾಜ್ಞೆ ಹೊರಡಿಸಿತು. ಚಿನ್ನ ಬೆಳ್ಳಿ ಹೊರಗೆ ಹೋಗಬಾರದು, ಭಾರತದ ರೂಪಾಯಿ ಇಲ್ಲಿ ನಡೆಯಬಾರದು. ಜೊತೆಗೆ ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ, ಅದೂ ಭಾರತ ಸರ್ಕಾರದ ಸಾಲಪತ್ರಗಳಲ್ಲಿ! ಸ್ವತಂತ್ರ ಅಂತ ತೋರಿಸಿಕೊಳ್ಳೋಕೂ ಪಕ್ಕದವರ ಕಾಗದವೇ ಬೇಕಾಯ್ತು ನೋಡಿ.

1948ರಲ್ಲಿ ಪೆಟ್ರೋಲು, ಔಷಧಿ ಬರೋದು ಬಿಗಿಯಾಯ್ತು. ಇದು ಆರ್ಥಿಕ ದಿಗ್ಬಂಧನ ಅಂತ ಹೈದರಾಬಾದ್ ದೂರಿತು, ದೆಹಲಿ ಒಪ್ಪಲಿಲ್ಲ. ಇಟಲಿಗೆ ಬಿಟ್ಟುಕೊಟ್ಟಿದ್ದ ಪೆಟ್ರೋಲು ಇಲ್ಲಿ ಸಿಗಲಿಲ್ಲ. ಸಿಡ್ನಿ ಕಾಟನ್ ಅನ್ನೋ ಆಸ್ಟ್ರೇಲಿಯಾದ ಪೈಲಟ್ ಕರಾಚಿಯಿಂದ ರಾತ್ರಿ ವಿಮಾನದಲ್ಲಿ ತಂದದ್ದು ಬಂದೂಕು. ಬಂದೂಕಿಂದ ಲಾರಿ ಓಡಲ್ಲ.

ಇದೆಲ್ಲ ಮೇಲಿನವರ ಲೆಕ್ಕ. ಕೆಳಗೆ ರೈತನ ಕಣಜದ ಲೆಕ್ಕ ಬೇರೆ. ಯುದ್ಧಕಾಲದಿಂದ ಸರ್ಕಾರ ಕಡ್ಡಾಯ ಲೆವಿ ಧಾನ್ಯ ಎತ್ತುತ್ತಿತ್ತು. ದೊಡ್ಡ ದೇಶಮುಖರು ಜಾರಿಕೊಳ್ಳೋರು, ಭಾರ ಬೀಳ್ತಿದ್ದದ್ದು ಸಣ್ಣ ರೈತನ ಮೇಲೆ. ತೆಲಂಗಾಣದ ಸಶಸ್ತ್ರ ಹೋರಾಟಕ್ಕೆ ವೆಟ್ಟಿ ಚಾಕರಿಯಷ್ಟೇ ಈ ಲೆವಿಯೂ ಕಾರಣ. ರಾಯಚೂರು, ಕೊಪ್ಪಳ, ಕಲಬುರಗಿ, ಬೀದರ್ ಕಡೆ ರಜಾಕಾರರ ಲೂಟಿಗೆ ಹೆದರಿ ಜನ ಗಡಿ ದಾಟಿದರು. ಗೋರ್ಟಾ ಊರಿನ ಹೆಸರು ಬೀದರ್‌ನವರಿಗೆ ಹೇಳಿಕೊಡಬೇಕಿಲ್ಲ. ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು ಶಿಬಿರ ನಡೆಸಿದರು. ಇಂಥ ಶಿಬಿರದ ಹುಡುಗರು ಪೊಲೀಸ್ ಠಾಣೆಯ ಜೊತೆಗೆ ಮೇಲೆ ಬೀಳ್ತಿದ್ದ ಇನ್ನೊಂದು ಜಾಗ ಯಾವುದು ಗೊತ್ತಾ? ಕರೋಡಗಿರಿ ನಾಕಾ. ಅಂದರೆ ನಿಜಾಮನ ಸುಂಕದ ಕಟ್ಟೆ. ಈ ಪ್ರತ್ಯೇಕ ಅರ್ಥವ್ಯವಸ್ಥೆಯ ಬಾಗಿಲು ಎಲ್ಲಿದೆ ಅಂತ ಅವರಿಗೆ ಯಾರೂ ಪಾಠ ಮಾಡಬೇಕಾಗಿರಲಿಲ್ಲ.

ಸೆಪ್ಟೆಂಬರ್ 13ಕ್ಕೆ ಸೈನ್ಯ ಒಳಗೆ ಬಂತು, 17ಕ್ಕೆ ಶರಣಾಗತಿ. ಅದರ ಬೆನ್ನಿಗೆ ಮುಸ್ಲಿಮರ ಮೇಲೆ ನಡೆದ ಹತ್ಯೆಗಳು, ಸುಂದರಲಾಲ್ ವರದಿ, ಇವು ಒಂದು ಪೂರ್ತಿ ಮಾತುಕತೆಯೇ ಬೇಡುವ ವಿಷಯ, ಇವತ್ತು ಎರಡು ಮಾತಲ್ಲಿ ಮುಗಿಸೋಕೆ ನನಗೆ ಮನಸ್ಸಿಲ್ಲ. ಹಾಲಿ ಸಿಕ್ಕಾ ಮಾತ್ರ ತಕ್ಷಣ ಹೋಗಲಿಲ್ಲ. ಅದೇ 7ಕ್ಕೆ 6ರ ಲೆಕ್ಕದಲ್ಲಿ ಭಾರತದ ರೂಪಾಯಿ ಜೊತೆ 1950ರ ದಶಕದಲ್ಲೂ ಸಂತೆಯಲ್ಲಿ ಓಡಾಡ್ತಿತ್ತು.