ನೆರೆಯವರ ನಡುವಣ ಗೋಡೆ

(ಮಲ್ಲೇಶ್ವರಂನಲ್ಲಿ ನೀಡಿದ ಉಪನ್ಯಾಸದ ಪಾಠ)



ಎರಡು ಜನಸಮುದಾಯಗಳ ನಡುವೆ ವೈರವು ಬಹುಕಾಲ ನಿಂತಿತೆಂದರೆ, ನೆಲಜಲಗಳ ವ್ಯಾಜ್ಯದೊಡನೆ ಮತ್ತೊಂದು ಅಡ್ಡಿಯೂ ತಲೆಯೆತ್ತುವುದು. ಅದು ಮನಸ್ಸಿನೊಳಗಣ ಗೋಡೆ. ಈಜಿಪ್ಟಿನ ಅಧ್ಯಕ್ಷನಾಗಿದ್ದ ಅನ್ವರ್ ಸಾದತ್ 1977ರ ನವೆಂಬರ್ 20ರಂದು ವೈರಿಗಳೆನಿಸಿದ್ದ ಇಸ್ರೇಲಿಗಳ ಶಾಸನಸಭೆಗೇ ಹೋಗಿ ನಿಂತು, ಸಮಸ್ಯೆಯಲ್ಲಿ ನೂರಕ್ಕೆ ಎಪ್ಪತ್ತು ಪಾಲು ಈ ಮನಸ್ಸಿನ ಅಡ್ಡಿಯೇ ಎಂಬರ್ಥದ ಮಾತನ್ನಾಡಿದನು. 1979ರಲ್ಲಿ ಆ ಎರಡು ದೇಶಗಳಿಗೆ ಸಂಧಿಯಾಯಿತು. 1981ರಲ್ಲಿ ಸಾದತನನ್ನು ಕೊಂದವರು ಇಸ್ರೇಲಿಗಳಲ್ಲ, ಸ್ವದೇಶೀಯರು. 1993ರಲ್ಲಿ ಪ್ಯಾಲೆಸ್ತೀನಿಯರ ಮುಖಂಡ ಅರಾಫತನ ಕೈಹಿಡಿದ ಇಸ್ರೇಲಿನ ಪ್ರಧಾನಿ ರಾಬಿನನನ್ನು 1995ರಲ್ಲಿ ಗುಂಡಿಕ್ಕಿ ಕೊಂದವನೂ ಒಬ್ಬ ಯೆಹೂದ್ಯನೇ. ಈ ಗೋಡೆಗೆ ಎರಡು ಮುಖಗಳುಂಟೆಂಬುದು ಇದರಿಂದ ತಿಳಿದುಬರುತ್ತದೆ. ಹೊರಮುಖವು ವೈರಿಯ ಭಯ. ಒಳಮುಖವು ಸ್ವಜನರ ನಿಂದೆಯ ಭಯ. ಎರಡನೆಯದೇ ಹೆಚ್ಚು ಗಟ್ಟಿಯಾದುದೆಂದು ತೋರುತ್ತದೆ.

ದೃಷ್ಟಾಂತಕ್ಕಾಗಿ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಈ ಮಲ್ಲೇಶ್ವರದ ನಲ್ಲಿಗಳಲ್ಲಿ ಹರಿಯುವುದು ಕಾವೇರಿಯ ನೀರು. 1974ರಿಂದೀಚೆಗೆ ಅದು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರುಗಳಷ್ಟು ದೂರ ಏರಿಬಂದು ಬೆಂಗಳೂರಿನ ದಾಹವನ್ನು ತಣಿಸುತ್ತಿದೆ. ಇಲ್ಲಿಯ ಕಾಡು ಮಲ್ಲೇಶ್ವರನಿಗೆ 1669ರಲ್ಲಿ ಮೇದರನಿಂಗನಹಳ್ಳಿಯನ್ನು ದತ್ತಿಬಿಟ್ಟ ಏಕೋಜಿಯು ಮುಂದೆ ತಂಜಾವೂರಿನ ದೊರೆಯಾದನು. ಕಾವೇರಿಯ ಮುಖಜಭೂಮಿಯನ್ನು ಅವನ ವಂಶದವರು 1799ರವರೆಗೆ ಬಾಳಿಸಿದರು. ಹೀಗೆ ಈ ಬಡಾವಣೆಗೂ ನದಿಯ ಕೊನೆಯ ಗದ್ದೆಗಳಿಗೂ ಹಳೆಯ ನಂಟೊಂದುಂಟು. ಆ ನಂಟನ್ನು ನೆನೆಯುವವರು ವಿರಳ, ಜಗಳವನ್ನು ನೆನೆಯದವರಿಲ್ಲ.

1892 ಮತ್ತು 1924ರ ಒಡಂಬಡಿಕೆಗಳು ಮೈಸೂರು ಮದರಾಸು ಸರ್ಕಾರಗಳ ನಡುವೆ ಆದುವು. ಮದರಾಸಿನ ಬೆನ್ನಿಗೆ ಬ್ರಿಟಿಷರಿದ್ದುದರಿಂದ ಮೈಸೂರು ತಲೆಬಾಗಬೇಕಾಯಿತೆಂಬುದು ಕನ್ನಡಿಗರ ನೆನಪು. ಕಲ್ಲಣೆಯ ಕಾಲದಿಂದ ಉಂಡುಬಂದ ನೀರನ್ನು ಮೇಲಿನವರು ಕಟ್ಟಿಹಾಕಿದರೆಂಬುದು ತಂಜಾವೂರಿನವರ ನೆನಪು. ಎರಡರಲ್ಲಿಯೂ ಹುರುಳುಂಟು. ಆದರೆ ಒಬ್ಬರ ಪಂಚಾಂಗವನ್ನು ಮತ್ತೊಬ್ಬರು ತೆರೆದು ನೋಡಿದವರಲ್ಲ. ಮಂಡ್ಯದ ರೈತನು ನಂಬಿರುವುದು ಮುಂಗಾರನ್ನು. ತಂಜಾವೂರಿಗೆ ದೊಡ್ಡ ಮಳೆ ತರುವುದು ಅಕ್ಟೋಬರಿನಿಂದಾಚೆಯ ಹಿಂಗಾರು; ಆದರೂ ಅಲ್ಲಿಯ ಕುರುವೈ ಪೈರಿಗೆ ಜೂನಿನಲ್ಲಿಯೇ ನೀರು ಬೇಕು. ಜೂನ್ 12ರಂದು ಮೆಟ್ಟೂರು ಅಣೆಕಟ್ಟಿನಿಂದ ನೀರು ಬಿಡುವುದು ಅಲ್ಲಿಯ ವಾಡಿಕೆ. ಆ ದಿನಗಳಲ್ಲಿ ಅವರು ಕೊಡಗಿನ ಮುಗಿಲನ್ನು ನೋಡುತ್ತ ಕುಳಿತಿರುವರು. ‘ಅವರಿಗೆ ಹೇಗೂ ಹಿಂದಿನಿಂದ ಮಳೆಯುಂಟು’ ಎಂದು ಇಲ್ಲಿಯವನೆನ್ನುವನು. ‘ಅವರ ಕಟ್ಟೆಯಲ್ಲಿ ನೀರಿದೆ, ಬಚ್ಚಿಟ್ಟಿದ್ದಾರೆ’ ಎಂದು ಅಲ್ಲಿಯವನೆನ್ನುವನು. ಮಳೆ ಸಮೃದ್ಧಿಯಾಗಿ ಬಿದ್ದ ವರ್ಷ ಈ ಮಾತೇ ಏಳುವುದಿಲ್ಲ. ಬರದ ವರ್ಷ ಇಬ್ಬರಿಗೂ ಇಲ್ಲ. ಇಲ್ಲದವನಿಗೆ ನೆರೆಯವನ ಇಲ್ಲದಿಕೆ ಕಣ್ಣಿಗೆ ಬೀಳದು.

1991ರ ಜೂನ್ 25ರಂದು ನ್ಯಾಯಮಂಡಲಿಯು ವರ್ಷಕ್ಕೆ 205 ಟಿ.ಎಂ.ಸಿ. ಅಡಿ ನೀರು ತಮಿಳುನಾಡಿಗೆ ದೊರೆಯಬೇಕೆಂದು ಮಧ್ಯಂತರ ಆಜ್ಞೆಯಿತ್ತಿತು. ಡಿಸೆಂಬರಿನಲ್ಲಿ ಅದು ಗೆಜೆಟ್ಟಿನಲ್ಲಿ ಪ್ರಕಟವಾದ ಮೇಲೆ ಬೆಂಗಳೂರಿನಲ್ಲಿ ನಡೆದುದನ್ನು ಹಿರಿಯರು ಮರೆತಿರಲಾರರು. ತಮಿಳು ಕೂಲಿಕಾರರ ಗುಡಿಸಲುಗಳು ಸುಟ್ಟುಹೋದುವು, ಸಾವಿರಾರು ಮಂದಿ ಊರು ಬಿಟ್ಟರು, ಪ್ರಾಣಗಳೂ ಹೋದುವು. ಅತ್ತ ತಮಿಳುನಾಡಿನಲ್ಲಿ ಕನ್ನಡಿಗರು ಪೆಟ್ಟು ತಿಂದರು. ಇಟ್ಟಿಗೆ ಹೊತ್ತು ಈ ಪಟ್ಟಣವನ್ನು ಕಟ್ಟುತ್ತಿದ್ದ ಕೂಲಿಯವನು ಕಾವೇರಿಯ ಒಂದು ಬಿಂದಿಗೆಯನ್ನೂ ಕದ್ದವನಲ್ಲ. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲಿಗೆ 14.75 ಟಿ.ಎಂ.ಸಿ. ಅಡಿ ಹೆಚ್ಚಿಸಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆಂದೇ ಕೊಟ್ಟುದು. ಅದು ದಕ್ಕಿದುದು ವಾದದಿಂದ, ಬೆಂಕಿಯಿಂದಲ್ಲ.

ಅದೇ 1991ರಲ್ಲಿ ಹಲಸೂರಿನಲ್ಲಿ ತಿರುವಳ್ಳುವರನ ವಿಗ್ರಹವೊಂದು ಅನಾವರಣಕ್ಕೆ ಸಿದ್ಧವಾಗಿದ್ದಿತು. ವಿರೋಧವೆದ್ದು ಅದರ ಮುಸುಕನ್ನು ತೆಗೆಯಲಾಗಲಿಲ್ಲ. ಹದಿನೆಂಟು ವರ್ಷ ಅದು ಮುಸುಕಿನಲ್ಲಿಯೇ ನಿಂತಿತು. ಆ ವಿಗ್ರಹದಿಂದ ಯಾರಿಗೂ ಕೇಡಿರಲಿಲ್ಲ. ತೆಗೆದರೆ ಸೋತಂತಾದೀತೆಂಬ ಶಂಕೆಯೊಂದೇ ಆ ಮುಸುಕನ್ನು ಹಿಡಿದಿತ್ತು. ಕಡೆಗೆ 2009ರ ಆಗಸ್ಟ್ 9ರಂದು ಯಡಿಯೂರಪ್ಪನವರ ಸಮ್ಮುಖದಲ್ಲಿ ಕರುಣಾನಿಧಿಯವರು ಅದನ್ನು ಅನಾವರಣಗೊಳಿಸಿದರು. ನಾಲ್ಕು ದಿನಗಳ ತರುವಾಯ ಚೆನ್ನೈಯ ಅಯನಾವರದಲ್ಲಿ ಸರ್ವಜ್ಞನ ವಿಗ್ರಹದ ಅನಾವರಣವಾಯಿತು. ಕೊಡುವುದೂ ಕೊಳ್ಳುವುದೂ ಜೊತೆಯಾದುದರಿಂದ ಯಾರೂ ಸೋಲಲಿಲ್ಲ. ಎರಡು ಸಾಲಿನ ಕವಿಗೂ ಮೂರು ಸಾಲಿನ ಕವಿಗೂ ಜಗಳವಾದರೂ ಏನಿದ್ದಿತು?

ಶರಣಪಥದ ಭಕ್ತರಿಗಂತೂ ತಮಿಳರನ್ನು ಪರರೆಂದೆಣಿಸಲು ಎಡೆಯೇ ಇಲ್ಲ. ಅವರು ಕೈಮುಗಿಯುವ ಅರವತ್ತಮೂವರು ಪುರಾತನರು ತಮಿಳುನಾಡಿನ ಶಿವಭಕ್ತರು. ಹರಿಹರನು ತನ್ನ ರಗಳೆಗಳಲ್ಲಿ ಅವರನ್ನು ಕನ್ನಡಕ್ಕೆ ಕರೆತಂದನು. ಸಿರಿಯಾಳನ ಕಥೆಯನ್ನು ಕೇಳಿ ಕಣ್ಣೀರಿಡುವವರು ಅವನ ಭಾಷೆ ಯಾವುದೆಂದು ಕೇಳುವುದಿಲ್ಲ. ಚಾಮರಸನ ಪ್ರಭುಲಿಂಗಲೀಲೆಯನ್ನು ಹದಿನೇಳನೆಯ ಶತಮಾನದಲ್ಲಿ ಶಿವಪ್ರಕಾಶರು ತಮಿಳಿಗೆ ತಂದುದರಿಂದ ಅಲ್ಲಮನೂ ಆ ನಾಡಿಗೆ ನಡೆದುಹೋದನು.

ಆದರೂ ವಿಗ್ರಹಗಳಿಂದಲೇ ಗೋಡೆ ಬಿದ್ದಿತೆಂದರೆ ಸುಳ್ಳಾದೀತು. 2016ರ ಸೆಪ್ಟೆಂಬರ್ 12ರಂದು ಇದೇ ಪಟ್ಟಣದಲ್ಲಿ ಹತ್ತಾರು ಬಸ್ಸುಗಳು ಉರಿದುವು. ಪೊಲೀಸರ ಗುಂಡಿಗೆ ಪ್ರಾಣಹಾನಿಯಾಯಿತು. ಹಿರಿಯರು ವೇದಿಕೆಯ ಮೇಲೆ ಮಾಡಿದುದು ಬೀದಿಗೆ ಇಳಿದಿರಲಿಲ್ಲ.

ಬೀದಿಗೆ ಸಮೀಪವಾದ ಪ್ರಯತ್ನವೊಂದು 2003ರಲ್ಲಿ ಮೊದಲಾಗಿತ್ತು. ಎರಡು ರಾಜ್ಯಗಳ ರೈತರು ‘ಕಾವೇರಿ ಕುಟುಂಬ’ವೆಂದು ಸೇರಿ, ಒಬ್ಬರ ಗದ್ದೆಗಳಿಗೆ ಮತ್ತೊಬ್ಬರು ಹೋಗಿ ನೋಡಿದರು. ಸರ್ಕಾರಗಳು ಒಪ್ಪುವಂಥ ಹಂಚಿಕೆಯ ಸೂತ್ರವು ಅವರಿಂದ ಹೊರಡಲಿಲ್ಲವೆಂಬುದು ದಿಟ. ಆದರೆ ಒಣಗಿದ ಪೈರನ್ನು ಕಣ್ಣಾರೆ ಕಂಡ ರೈತನಿಗೆ, ಅದರ ಒಡೆಯನು ಸುಳ್ಳು ಹೇಳುತ್ತಿರುವನೆನ್ನುವುದು ಸುಲಭವಲ್ಲ. ಚಿದಂಬರ, ತಂಜಾವೂರುಗಳ ಯಾತ್ರೆಗೆ ಹೋಗುವ ಮಠದ ಭಕ್ತರು ದೇಗುಲದ ದರ್ಶನವಾದ ಮೇಲೆ ಯಾವುದಾದರೊಂದು ಗದ್ದೆಯ ಬದುವಿನ ಮೇಲೆ ನಿಂತು, ಈ ಸಾರಿ ನೀರು ಎಂದು ಬಂದಿತೆಂದು ಅಲ್ಲಿಯವರನ್ನು ವಿಚಾರಿಸಿ ಬರಬಹುದು. ತಲಕಾವೇರಿಗೆ ಬರುವ ತಮಿಳು ಯಾತ್ರಿಕರನ್ನು ಮಂಡ್ಯದ ನಾಲೆಯ ಕೊನೆಯ ಹೊಲದವರೆಗೆ ಕರೆದೊಯ್ದು ತೋರಿಸುವುದಕ್ಕೂ ಯಾರ ಅಪ್ಪಣೆಯೂ ಬೇಕಾಗಿಲ್ಲ.