ಅಣಕು ಚಿತ್ರ ಯಾರನ್ನು ಕೆಣಕುತ್ತದೆ?



ಅಮೆರಿಕದ ಗ್ರಾಂಟ್ ವುಡ್ 1930ರಲ್ಲಿ ಬರೆದ ‘ಅಮೆರಿಕನ್ ಗಾಥಿಕ್’ ಚಿತ್ರದಲ್ಲಿ ರೈತನೊಬ್ಬ ಹುಲ್ಲೆತ್ತುವ ಕವೆಗೋಲು ಹಿಡಿದು ನಿಂತಿದ್ದಾನೆ, ಪಕ್ಕದಲ್ಲಿ ಮಗಳು. (ಹೀಗೆ ನಿಂತವರು ಕಲಾವಿದನ ಹಲ್ಲಿನ ಡಾಕ್ಟರು ಮತ್ತು ತಂಗಿ!) ಇದರ ಅಣಕುಗಳಿಗೆ ಲೆಕ್ಕವಿಲ್ಲ. ಹೆಚ್ಚಿನವು ಮುಖ ಬದಲಿಸಿ ನಗಿಸುತ್ತವೆ, ಅಷ್ಟೇ.

1942ರಲ್ಲಿ ಕರಿಯ ಛಾಯಾಗ್ರಾಹಕ ಗಾರ್ಡನ್ ಪಾರ್ಕ್ಸ್ ಅವರು ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದ ಎಲ್ಲಾ ವಾಟ್ಸನ್ ಎಂಬ ಕರಿಯ ಮಹಿಳೆಯನ್ನು ರಾಷ್ಟ್ರಧ್ವಜದ ಮುಂದೆ ನಿಲ್ಲಿಸಿ ಚಿತ್ರ ತೆಗೆದರು. ಕವೆಗೋಲಿನ ಜಾಗದಲ್ಲಿ ಪೊರಕೆ! ಆ ನಗರದ ಹೋಟೆಲು, ಚಿತ್ರಮಂದಿರಗಳು ತಮ್ಮನ್ನು ಒಳಗೆ ಬಿಡಲಿಲ್ಲವೆಂದು ಪಾರ್ಕ್ಸ್ ಹೇಳಿಕೊಂಡಿದ್ದಾರೆ. ಈ ಅಣಕು ನಗು ತರಿಸುವುದಿಲ್ಲ. ಇದು ಕೆಣಕಿದ್ದು ಆಕೆಯನ್ನಲ್ಲ, ಆ ಬಾವುಟ ಕೊಟ್ಟ ಸಮಾನತೆಯ ಮಾತನ್ನು. ಅಷ್ಟಕ್ಕೇ ಬಿಡದೆ ಪಾರ್ಕ್ಸ್ ಆಕೆಯ ಮನೆಗೂ ಹೋಗಿ ಮೊಮ್ಮಕ್ಕಳ ಜೊತೆಗಿನ ಆಕೆಯ ಬದುಕನ್ನು ಚಿತ್ರಿಸಿದರು.