ಕಾರ್ಮಿಕರ ವಿಮೆಗೆ ತಗಲುವ ವೆಚ್ಚ
(ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಸೊಲ್ಲಾಪುರದ ಚಾದರವನ್ನು ಅರಿಯದವರಿಲ್ಲ. ಅದನ್ನು ನೇಯುವಾಗ ಯಂತ್ರಕ್ಕೆ ಸಿಕ್ಕ ಬೆರಳಿನ ಬೆಲೆಯನ್ನು ಅರಿತವರು ಮಾತ್ರ ವಿರಳ. ಆ ಬೆಲೆಯನ್ನು ಕೊಡುವವರಾರು, ಅದಕ್ಕಾಗಿ ಮಾಲಕನು ವರ್ಷಕ್ಕೆಷ್ಟು ತೆಗೆದಿರಿಸಬೇಕು ಎಂಬುದನ್ನು ನಾವಿಂದು ವಿಚಾರಿಸೋಣ. ಈ ಸಭೆಯಲ್ಲಿ ಮಗ್ಗ ನಡೆಸುವವರೂ ಇದ್ದಾರೆ, ನಾಲ್ಕಾರು ಮಗ್ಗಗಳ ಒಡೆಯರೂ ಇದ್ದಾರೆ.

ಕೆಲಸದ ನಿಮಿತ್ತವಾಗಿ ಅಪಘಾತವಾದರೆ ಮಾಲಕನು ಪರಿಹಾರ ಕೊಡಬೇಕೆಂಬ ನಿಯಮವು 1923ರ ಕಾಯಿದೆಯಿಂದ ನಮ್ಮ ದೇಶಕ್ಕೆ ಬಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದೇ ತತ್ತ್ವವನ್ನು ಉಳಿಸಿಕೊಂಡಿದೆ. ಮಾಲಕನ ತಪ್ಪನ್ನು ಸಿದ್ಧಪಡಿಸುವ ಹೊಣೆ ಕಾರ್ಮಿಕನ ಮೇಲಿಲ್ಲ. ಮರಣ ಸಂಭವಿಸಿದರೆ ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ಗೊತ್ತುಮಾಡಿದ ಅಂಕಿಯಿಂದ ಗುಣಿಸಬೇಕು. 30 ವರ್ಷದವನಿಗೆ ಆ ಅಂಕಿ 207.98, ವೇತನ 10,000 ರೂಪಾಯಿ ಇದ್ದರೆ ಪರಿಹಾರ 10,39,900 ರೂಪಾಯಿ. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 30 ನಷ್ಟವೆಂದು ಕೋಷ್ಟಕವಿದೆ. ಅದೇ ಕಾರ್ಮಿಕನಿಗೆ, ವೇತನದ ನೂರಕ್ಕೆ 60ರ ಮೇಲೆ ಎಣಿಸಿ, 3,74,364 ರೂಪಾಯಿ ಸಲ್ಲಬೇಕು. ಮಕ್ಕಳು ಮನೆಯಲ್ಲಿ ಗುಣಿಸಿ ನೋಡಲಿ. ಸಣ್ಣ ಮಾಲಕನು ಇದನ್ನು ಒಮ್ಮೆಲೇ ಎಲ್ಲಿಂದ ತಂದಾನು? ಮಗ್ಗಗಳನ್ನೇ ಮಾರಬೇಕಾದೀತು.

ಆದುದರಿಂದಲೇ ವಿಮೆ. ನೌಕರರ ರಾಜ್ಯ ವಿಮಾ ಯೋಜನೆಗೆ ಸೇರಿದ ಕಾರಖಾನೆಗಳ ಮಾತು ಬೇರೆ. ಅಲ್ಲಿ 2019ರ ಜುಲೈಯಲ್ಲಿ ಮಾಲಕನ ವಂತಿಗೆಯನ್ನು ವೇತನದ ನೂರಕ್ಕೆ 3.25ಕ್ಕೂ ಕಾರ್ಮಿಕನದನ್ನು 0.75ಕ್ಕೂ ಇಳಿಸಲಾಯಿತು. ಅದರ ಹೊರಗುಳಿದವರು ವಿಮಾ ಕಂಪನಿಯ ಪಾಲಿಸಿಯನ್ನು ಕೊಳ್ಳಬೇಕು. ಇದರ ಕಂತು ಎರಡು ಸಂಗತಿಗಳ ಮೇಲೆ ನಿಂತಿದೆ: ವರ್ಷದ ಒಟ್ಟು ವೇತನ ಮತ್ತು ಕೆಲಸದ ಅಪಾಯ. ಲೆಕ್ಕ ಬರೆಯುವ ಗುಮಾಸ್ತನಿಗೆ ಹಾಕುವ ದರಕ್ಕಿಂತ ಯಂತ್ರದ ಬಳಿ ನಿಲ್ಲುವವನ ದರ ಹೆಚ್ಚು. ಅಪಘಾತಗಳು ಮೇಲಿಂದ ಮೇಲೆ ಆದಲ್ಲಿ ದರವೂ ಏರಬಹುದು; ಪಟ್ಟಾ ಓಡುವಲ್ಲಿ ಒಂದು ಜಾಳಿಗೆ ಹಾಕಿಸುವುದು ಅದಕ್ಕಿಂತ ಅಗ್ಗ.

ಈ ಲೆಕ್ಕವನ್ನು ಬಲ್ಲ ಕೆಲವರು ಜಾಣತನ ತೋರುತ್ತಾರೆ. ಎಂಟು ಜನರಿದ್ದಲ್ಲಿ ಐವರನ್ನು, ಹತ್ತು ಸಾವಿರವಿದ್ದಲ್ಲಿ ಆರು ಸಾವಿರವನ್ನು ಬರೆಯುತ್ತಾರೆ. ದರವು ಸಾವಿರಕ್ಕೆ ಹತ್ತು ರೂಪಾಯಿ ಎಂದು ಉದಾಹರಣೆಗಾಗಿ ಹಿಡಿಯೋಣ. ನಿಜವಾದ ಕಂತು 9,600. ಬರೆದದ್ದರ ಮೇಲೆ 3,600. ಉಳಿದದ್ದು ಆರು ಸಾವಿರ. ಅಪಘಾತವಾದ ದಿನ ಪರಿಹಾರವು ನಿಜ ವೇತನದ ಮೇಲೆಯೇ ನಿರ್ಣಯವಾಗುತ್ತದೆ. ಪಾಲಿಸಿಯಲ್ಲಿ ತೋರಿಸದ ವೇತನಕ್ಕೆ ಹೊಣೆಯಾಗಲು ಕಂಪನಿ ಒಪ್ಪದು. ಕೊರತೆ ಮಾಲಕನ ತಲೆಗೆ. ಅವನ ಕೈ ಬರಿದಾಗಿದ್ದರೆ ವಿಧವೆಯು ಕಚೇರಿಯಿಂದ ಕಚೇರಿಗೆ ಅಲೆಯಬೇಕು, ಮಗು ಶಾಲೆ ಬಿಡಬೇಕು. ನಮ್ಮ ಸಂಸ್ಥೆಗೆ ಈ ವಿಷಯದ ಗೊಡವೆ ಏಕೆಂದು ಕೇಳುವವರಿಗೆ ನಮ್ಮ ಉತ್ತರವಿದು.

ಗುತ್ತಿಗೆದಾರನು ತಂದ ಆಳೆಂದು ಹೇಳಿ ಮುಖ್ಯ ಮಾಲಕನು ಹೊಣೆ ಜಾರಿಸುವಂತಿಲ್ಲ. ಪರಿಹಾರ ಬೇಡವೆಂದು ಮುಂಗಡವಾಗಿ ಬರೆಸಿಕೊಂಡ ಕಾಗದಕ್ಕೂ ಬೆಲೆಯಿಲ್ಲ. ಪಾಲಕರು ಪಗಾರಿನ ಪುಸ್ತಕದಲ್ಲಿ ತಮ್ಮ ಹೆಸರೂ ನಿಜವಾದ ಮೊತ್ತವೂ ಇವೆಯೇ ಎಂದು ಈ ತಿಂಗಳೇ ನೋಡಲಿ. ಓದಲು ಬಾರದಿದ್ದರೆ ಪಗಾರಿನ ಚೀಟಿಯನ್ನು ಮನೆಗೆ ತಂದು ಮಕ್ಕಳಿಂದ ಓದಿಸಲಿ.